ಹಳೆ ಕಾರಿನ ‘ಕೀಂಯ್’ ಸಪ್ಪಳ: ಎಲ್ಲಿಂದ, ಯಾವಾಗ, ಯಾಕೆ?

ಏಪ್ರಿಲ್ ಬಂದರೆ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8 ಗಂಟೆಗೇ ತೆರೆಯುತ್ತವೆ. ಹಾಗಾಗಿ ನಮ್ಮ ಓಣಿಯಲ್ಲಿ ಏಳೂವರೆ ಹೊತ್ತಿಗೆ ಕಾರುಗಳು ಒಂದರ ಹಿಂದೆ ಒಂದು ಚಾಲೂ ಆಗುತ್ತವೆ. ಚಾಲೂ ಆದ ಕೂಡಲೇ ಎಸಿ. ಎಸಿ ಗುಂಡಿ ಒತ್ತಿದ ತಕ್ಷಣ ಯಾವುದಾದರೂ ಹಳೆ ಗಾಡಿಯಿಂದ ‘ಕೀಂಯ್’ ಅಂತ ಉದ್ದನೆಯ ಸಪ್ಪಳ. ಮಾಳಿಗೆ ಮೇಲೆ ಬಟ್ಟೆ ಒಣಹಾಕುವವರೂ ಬಗ್ಗಿ ನೋಡುತ್ತಾರೆ. ಗಾಡಿ ಓಣಿಯ ತಿರುವು ದಾಟುವಷ್ಟರಲ್ಲಿ ಸಪ್ಪಳ ಮಾಯ.

ಈ ಸಲ ಆ ಗಾಡಿ ನನ್ನದೇ. ಹದಿನಾಲ್ಕು ವರ್ಷದ ಸಣ್ಣ ಪೆಟ್ರೋಲ್ ಕಾರು. ಎರಡು ಸಲ ಗ್ಯಾರೇಜಿಗೆ ಒಯ್ದೆ. ಎರಡು ಸಲವೂ ಬಾನೆಟ್ ಎತ್ತಿದ ಕೂಡಲೇ ಗಾಡಿ ತುಟಿ ಪಿಟಕ್ ಅನ್ನಲಿಲ್ಲ. “ಎಲ್ಲಿ ಅದರೀ ಸಪ್ಪಳ? ಗಾಡಿ ಬರೋಬ್ಬರಿ ಅದಲ್ರೀ ಅಕ್ಕಾರ” ಅಂತ ಮಿಸ್ತ್ರಿ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಅರ್ಥವಾಯಿತು. ಇಂಥ ಸಪ್ಪಳ ಬರಬೇಕಾದರೆ ಯಾವುದೋ ಭಾಗದ ಮೇಲೆ ಭಾರ ಬೀಳಬೇಕು. ಭಾರ ಇಳಿದರೆ ಸಪ್ಪಳವೂ ಇಲ್ಲ. ಗ್ಯಾರೇಜಿನ ನೆರಳಲ್ಲಿ, ಎಸಿ ಆರಿಸಿ, ಇಂಜಿನ್ ಬಿಸಿಯಾದ ಮೇಲೆ ಸುಮ್ನೆ ನಿಂತ ಗಾಡಿ ಯಾಕೆ ಕಿರುಚಬೇಕು? ಹಾಗಾಗಿ ಸಪ್ಪಳ ಹೇಗಿದೆ ಅಂತ ಬಾಯಲ್ಲಿ ಅನುಕರಿಸಿ ತೋರಿಸುವುದಕ್ಕಿಂತ, ಅದು ಯಾವಾಗ ಬರುತ್ತದೆ ಅಂತ ಹೇಳುವುದು ಜಾಸ್ತಿ ಉಪಯೋಗ.

ಈ ಕೀಂಯ್ ಹುಟ್ಟುವುದು ಹೇಗೆ?

ಶಹಾಬಾದ್ ಪರಸಿ ಹಾಸಿದ ಮನೆಯಲ್ಲಿ ಕಬ್ಬಿಣದ ಕುರ್ಚಿಯನ್ನು ಎತ್ತದೆ ಎಳೆದು ನೋಡಿ. ಹಲ್ಲು ಜುಮ್ ಅನ್ನುವ ಸಪ್ಪಳ ಬರುತ್ತದೆ, ಅಲ್ವಾ? ಕುರ್ಚಿಯ ಕಾಲು ಕಲ್ಲಿನ ಮೇಲೆ ಒಂದೇ ಸಮನೆ ಜಾರುವುದಿಲ್ಲ. ಕಚ್ಚಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಇದು ಸೆಕೆಂಡಿಗೆ ಹತ್ತಿಪ್ಪತ್ತು ಸಲ ನಡೆದರೆ ‘ಕಟ ಕಟ’ ಅಂತ ಕೇಳುತ್ತದೆ. ಸಾವಿರಾರು ಸಲ ನಡೆದರೆ ಅದೇ ‘ಕೀಂಯ್’.

ಕಾರಿನಲ್ಲಿ ಹೀಗೆ ಕಚ್ಚಿ ಜಾರುವ ಜಾಗಗಳು ಮುಖ್ಯವಾಗಿ ಮೂರು. ಇಂಜಿನ್ ಪಕ್ಕದಲ್ಲಿ ಓಡುವ ರಬ್ಬರ್ ಬೆಲ್ಟ್, ತಿರುಗುವ ಭಾಗಗಳ ಒಳಗಿರುವ ಬೇರಿಂಗ್, ಮತ್ತು ಚಕ್ರದ ಬ್ರೇಕ್. ಕೆಳಗಿನ ಸಸ್ಪೆನ್ಷನ್‌ನಲ್ಲಿರುವ ರಬ್ಬರ್ ಬುಷ್‌ಗಳೂ ಒಣಗಿದಾಗ ಸಪ್ಪಳ ಮಾಡುತ್ತವೆ. ಆದರೆ ಅದು ಹಂಪ್ ಹತ್ತಿ ಇಳಿಯುವಾಗ ಮಾತ್ರ ಬರುವ ‘ಕಿಚ್ ಕಿಚ್’, ಹಳೆ ಮಂಚದ ಹಾಗೆ. ಅದನ್ನು ಗುರುತಿಸುವುದು ಸುಲಭ.

ಮೊದಲ ಪ್ರಶ್ನೆ: ಇಂಜಿನ್‌ನದೋ, ಚಕ್ರದ್ದೋ?

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಈಗ ಎಕ್ಸಲರೇಟರ್ ನಿಧಾನಕ್ಕೆ ಒತ್ತಿ. ನಿಂತಲ್ಲೇ ಸಪ್ಪಳ ಬಂದು, ಇಂಜಿನ್ ಜೋರಾದಂತೆ ಅದೂ ಏರಿದರೆ, ಅದು ಇಂಜಿನ್ ಕಡೆಯದು. ಬೆಲ್ಟ್ ಅಥವಾ ಬೆಲ್ಟ್‌ನಿಂದ ತಿರುಗುವ ಯಾವುದೋ ಭಾಗ.

ನಿಂತಾಗ ಏನೂ ಇಲ್ಲ, ಓಡುವಾಗ ಮಾತ್ರ ಬರುತ್ತದೆ, ಗಾಡಿಯ ವೇಗದ ಜೊತೆ ಏರಿಳಿಯುತ್ತದೆ ಅಂದರೆ ಚಕ್ರದ ಕಡೆ ನೋಡಬೇಕು. ಇದಕ್ಕೊಂದು ಹಳೆಯ ಉಪಾಯವಿದೆ. ಉದ್ದನೆಯ ಕಾಂಪೌಂಡ್ ಗೋಡೆ ಇರುವ, ಜನ ಇಲ್ಲದ ರಸ್ತೆಯಲ್ಲಿ ಕಿಟಕಿ ಇಳಿಸಿ ನಿಧಾನಕ್ಕೆ ಹೋಗಿ. ಚಕ್ರದ ಸಪ್ಪಳ ಗೋಡೆಗೆ ಬಡಿದು ವಾಪಸ್ ಕಿವಿಗೆ ಬರುತ್ತದೆ. ತಿರುಗಿ ಬರುವಾಗ ಇನ್ನೊಂದು ಬದಿಯ ಕಿಟಕಿ ಇಳಿಸಿ. ಎಡವೋ ಬಲವೋ ಗೊತ್ತಾಗುತ್ತದೆ. ಓಡುವ ಗಾಡಿಯ ಇಂಜಿನ್ ಆರಿಸಿ ಪರೀಕ್ಷೆ ಮಾಡುವವರಿದ್ದಾರೆ. ಅದು ಬೇಡವೇ ಬೇಡ. ಬ್ರೇಕ್ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಲಾಕ್ ಆಗಿಬಿಡಬಹುದು.

ಬೆಲ್ಟ್: ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ

ಜೋಳ ಬೀಸಿಸಲು ಗಿರಣಿಗೆ ಹೋದವರೆಲ್ಲ ಇದನ್ನು ನೋಡಿರುತ್ತೀರಿ. ಮೋಟಾರ್ ಒಂದು ಕಡೆ, ಬೀಸುವ ಕಲ್ಲು ಇನ್ನೊಂದು ಕಡೆ. ನಡುವೆ ಓಡುವ ಪಟ್ಟಾ. ಗಿರಣಿಯವರು ಜೋಳವನ್ನು ಒಂದೇ ಹದದಲ್ಲಿ ಬಿಡುತ್ತಿದ್ದರೆ ಪಟ್ಟಾ ಹಾಯಾಗಿ ಓಡುತ್ತದೆ. ಒಮ್ಮೆಲೇ ಜಾಸ್ತಿ ಸುರಿದರೆ ಕಲ್ಲು ಭಾರವಾಗುತ್ತದೆ, ಮೋಟಾರ್ ಮಾತ್ರ ತಿರುಗುತ್ತಲೇ ಇರುತ್ತದೆ. ಪಟ್ಟಾ ಜಾರಿ ಕೀಂಯ್ ಅನ್ನುತ್ತದೆ.

ಕಾರಿನ ಬೆಲ್ಟ್ ಕೂಡ ಇಷ್ಟೇ. ಇಂಜಿನ್‌ನ ಕೆಳಗಿನ ಪುಲ್ಲಿ ಮೋಟಾರ್ ಇದ್ದ ಹಾಗೆ. ಅದು ಬೆಲ್ಟ್ ಎಳೆಯುತ್ತದೆ. ಬೆಲ್ಟ್ ಆಲ್ಟರ್ನೇಟರ್ ಅನ್ನು ತಿರುಗಿಸುತ್ತದೆ. ನಮ್ಮ ಮಿಸ್ತ್ರಿಗಳು ಇದನ್ನು ಡೈನಮೋ ಅನ್ನುತ್ತಾರೆ. ಬ್ಯಾಟರಿಗೆ ಕರೆಂಟ್ ತುಂಬಿಸುವುದು ಅದರ ಕೆಲಸ. ಬಹಳಷ್ಟು ಹಳೆ ಕಾರುಗಳಲ್ಲಿ ಇಂಜಿನ್‌ಗೆ ತಂಪು ನೀರು ಹರಿಸುವ ವಾಟರ್ ಪಂಪ್ ಕೂಡ ಇದೇ ಬೆಲ್ಟ್‌ಗೆ ಸೇರಿರುತ್ತದೆ. ಎಸಿ ಕಂಪ್ರೆಸರ್‌ಗೆ, ಎಣ್ಣೆಯ ಪವರ್ ಸ್ಟೇರಿಂಗ್ ಇದ್ದರೆ ಅದರ ಪಂಪ್‌ಗೆ ಕೆಲವು ಗಾಡಿಗಳಲ್ಲಿ ಬೇರೆ ಬೆಲ್ಟ್ ಇರುತ್ತದೆ, ಕೆಲವುದರಲ್ಲಿ ಒಂದೇ ಉದ್ದನೆಯ ಬೆಲ್ಟ್ ಎಲ್ಲವನ್ನೂ ಸುತ್ತಿ ಬರುತ್ತದೆ.

ಇದಕ್ಕೆ ಎಲ್ಲರೂ ಇನ್ನೂ ಫ್ಯಾನ್ ಬೆಲ್ಟ್ ಅಂತಲೇ ಹೇಳುತ್ತಾರೆ. ಅಂಬಾಸಿಡರ್ ಕಾಲದಲ್ಲಿ ರೇಡಿಯೇಟರ್ ಫ್ಯಾನ್ ನಿಜವಾಗಿಯೂ ಈ ಬೆಲ್ಟ್‌ನಿಂದಲೇ ತಿರುಗುತ್ತಿತ್ತು. ಈಗಿನ ಸಣ್ಣ ಕಾರುಗಳಲ್ಲಿ ಫ್ಯಾನ್‌ಗೆ ಬೇರೆ ಕರೆಂಟ್ ಮೋಟಾರ್ ಇದೆ. ಫ್ಯಾನ್ ಬೇರೆಯಾದರೂ ಹೆಸರು ಉಳಿದಿದೆ.

ಈಗ ಭಾರದ ಲೆಕ್ಕ. ಚಾವಿ ತಿರುಗಿಸಿ ಗಾಡಿ ಚಾಲೂ ಮಾಡಿದಾಗ ಬ್ಯಾಟರಿಯಿಂದ ಒಮ್ಮೆಲೇ ಬಹಳ ಕರೆಂಟ್ ಹೋಗುತ್ತದೆ. ಅದನ್ನು ವಾಪಸ್ ತುಂಬಲು ಡೈನಮೋ ಮೊದಲ ಕೆಲವು ನಿಮಿಷ ಜೋರಾಗಿ ದುಡಿಯಬೇಕು. ದುಡಿತ ಜಾಸ್ತಿಯಾದಷ್ಟೂ ಅದನ್ನು ತಿರುಗಿಸುವುದು ಭಾರ. ಮೇಲಾಗಿ ಡೈನಮೋ ಪುಲ್ಲಿ ಸಣ್ಣದು, ಬೆಲ್ಟ್ ಅದಕ್ಕೆ ತಬ್ಬಿಕೊಳ್ಳುವ ಜಾಗ ಕಡಿಮೆ. ಜಾರುವುದಾದರೆ ಮೊದಲು ಅಲ್ಲೇ. ಅದರ ಮೇಲೆ ನಾವು ಎಸಿ ಹಾಕುತ್ತೇವೆ. ಎಸಿ ಕಂಪ್ರೆಸರ್ ಸದಾ ಓಡುವುದಿಲ್ಲ. ‘ಟಕ್’ ಅಂತ ಕೂಡಿಕೊಳ್ಳುತ್ತದೆ, ಒಳಗೆ ತಂಪಾದರೆ ಬಿಡುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಪ್ರತಿ ‘ಟಕ್’ ಗೂ ಒಂದು ಸಣ್ಣ ‘ಕೀಂಯ್’ ಬಂದರೆ ಗುಟ್ಟು ಅಲ್ಲೇ ಬಯಲಾಯಿತು. ಸ್ಟೇರಿಂಗ್ ಅನ್ನು ಕೊನೆವರೆಗೆ ತಿರುಗಿಸಿದಾಗ ಮಾತ್ರ ಬರುವ ಸಪ್ಪಳ ಪವರ್ ಸ್ಟೇರಿಂಗ್ ಪಂಪ್‌ನ ಭಾರದ್ದು.

ಹತ್ತು ನಿಮಿಷದ ಮೇಲೆ ಯಾಕೆ ನಿಲ್ಲುತ್ತದೆ? ಬ್ಯಾಟರಿ ತುಂಬುತ್ತಾ ಬಂದು ಭಾರ ಇಳಿಯುತ್ತದೆ. ರಬ್ಬರ್ ಬಿಸಿಯಾಗಿ ಹಿಡಿತ ಕೂಡಿಸಿಕೊಳ್ಳುತ್ತದೆ. ಮಳೆಗಾಲದ ಬೆಳಗ್ಗೆ ಬೆಲ್ಟ್ ಮೇಲಿನ ತೇವ ಆರುವವರೆಗೆ ಕಿರುಚುವುದೂ ಇದೇ ಲೆಕ್ಕ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ಯಾಟರಿ ಹಳತಾಗಿದ್ದರೆ ಅದು ಬೇಗ ತುಂಬುವುದಿಲ್ಲ, ಡೈನಮೋ ಮೇಲಿನ ಭಾರ ಇಳಿಯುವುದೇ ಇಲ್ಲ. ನಮ್ಮೂರ ಬಿಸಿಲಿಗೆ ಬ್ಯಾಟರಿ ಬೇಗ ಸೋಲುತ್ತದೆ. ಬೆಲ್ಟ್ ಮೇಲೆ ಬೆಲ್ಟ್ ಬದಲಿಸಿದರೂ ಸಪ್ಪಳ ನಿಲ್ಲದ ಎಷ್ಟೋ ಗಾಡಿಗಳಲ್ಲಿ ತಪ್ಪು ಬ್ಯಾಟರಿಯದ್ದು. ಬೆಲ್ಟ್‌ಗೆ ದುಡ್ಡು ಕೊಡುವ ಮೊದಲು ಬ್ಯಾಟರಿ ಚೆಕ್ ಮಾಡಿಸಿ.

ಬೆಲ್ಟ್ ನೋಡುವುದು ಹೇಗೆ?

ಇಂಜಿನ್ ಆರಿರಬೇಕು, ಚಾವಿ ನಿಮ್ಮ ಜೇಬಿನಲ್ಲಿರಬೇಕು. ಓಡುವ ಬೆಲ್ಟ್ ಹತ್ತಿರ ಓಢಣಿ, ಸೆರಗು, ಶಲ್ಯ, ಬಳೆ ಯಾವುದೂ ಬರಬಾರದು. ಕೆಲವು ಕಾರುಗಳ ರೇಡಿಯೇಟರ್ ಫ್ಯಾನ್ ಇಂಜಿನ್ ಆರಿಸಿದ ಮೇಲೂ ತಾನಾಗಿ ತಿರುಗುತ್ತದೆ, ಅದರಿಂದಲೂ ಕೈ ದೂರ.

ಎರಡು ಪುಲ್ಲಿಗಳ ನಡುವೆ ಬೆಲ್ಟ್ ಅನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಹಳೆ ಮಾದರಿಯ ಕಾರುಗಳಲ್ಲಿ ಅದು ಸುಮಾರು 10 ಮಿಲಿಮೀಟರ್ ಬಗ್ಗಿದರೆ ಸರಿ. ನಿಮ್ಮ ಗಾಡಿಯ ಪಕ್ಕಾ ಅಳತೆ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಜೋಕಾಲಿಯ ಹಾಗೆ ಆಡಿದರೆ ಸಡಿಲ. ಆಮೇಲೆ ಬೆಲ್ಟ್‌ನ ಒಳಮೈ ನೋಡಿ. ಒಳ್ಳೆ ಬೆಲ್ಟ್ ಮಂಕು ಕಪ್ಪು. ಜಾರಿ ಜಾರಿ ಸುಟ್ಟ ಬೆಲ್ಟ್ ಗಾಜಿನ ಹಾಗೆ ಹೊಳೆಯುತ್ತದೆ. ಹಳೆ ರಬ್ಬರಿನಲ್ಲಿ ಅಡ್ಡಡ್ಡ ಬಿರುಕು ಕಾಣುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಹೊಲದ ಹಾಗೆ. ಇತ್ತೀಚಿನ ಇಪಿಡಿಎಂ ರಬ್ಬರಿನ ಬೆಲ್ಟ್ ಹಾಗೆ ಬಿರಿಯುವುದು ಕಡಿಮೆ. ಟಯರ್ ಸವೆದ ಹಾಗೆ ಅದರ ಉದ್ದ ಗೆರೆಗಳು ಸವೆಯುತ್ತವೆ. ಹಾಗಾಗಿ ಬಿರುಕಿಲ್ಲ ಅಂದ ಮಾತ್ರಕ್ಕೆ ಬೆಲ್ಟ್ ಚೆನ್ನಾಗಿದೆ ಅಂತಲ್ಲ.

ಸಪ್ಪಳ ಬರುತ್ತಿರುವಾಗಲೇ ಮಾಡುವ ಪರೀಕ್ಷೆ ಒಂದಿದೆ. ಸಣ್ಣ ಸ್ಪ್ರೇ ಬಾಟಲಿಯಿಂದ ದೂರ ನಿಂತು ಬೆಲ್ಟ್‌ನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಬೇಕು. ಸಪ್ಪಳ ಇನ್ನೂ ಜೋರಾದರೆ ಬೆಲ್ಟ್ ಸಡಿಲವಾಗಿದೆ, ಜಾರುತ್ತಿದೆ. ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಬೆಲ್ಟ್ ಓರೆಯಾಗಿ ಓಡುತ್ತಿದೆ. ಓರೆಯ ಸಪ್ಪಳ ಸಾಮಾನ್ಯವಾಗಿ ಉದ್ದನೆಯ ಕೀಂಯ್ ಅಲ್ಲ, ಗುಬ್ಬಿಯ ಹಾಗೆ ‘ಚಿಂವ್ ಚಿಂವ್’. ಈ ಪರೀಕ್ಷೆಯನ್ನು ಮಿಸ್ತ್ರಿ ಕೈಯಲ್ಲೇ ಮಾಡಿಸಿ.

ಗಿರಣಿಯ ಪಟ್ಟಾ ಜಾರಿದರೆ ಅಂಟು ಹಚ್ಚುತ್ತಾರಲ್ಲ, ಕಾರಿಗೂ ಹಚ್ಚೋಣ ಅನ್ನುವವರಿದ್ದಾರೆ. ಸಾಬೂನು, ಪೌಡರ್, ಸೀಮೆಎಣ್ಣೆ, ಎಲ್ಲ ಪ್ರಯೋಗವೂ ನಡೆದಿವೆ. ಎರಡು ದಿನ ಸುಮ್ಮನಾಗುತ್ತದೆ, ನಿಜ. ಆಮೇಲೆ ಆ ಅಂಟಿಗೆ ನಮ್ಮ ರಸ್ತೆಯ ಧೂಳೆಲ್ಲ ಹತ್ತಿಕೊಂಡು ಪುಲ್ಲಿಯನ್ನೇ ಉಜ್ಜುತ್ತದೆ. ಎಣ್ಣೆ ತಾಗಿದ ಬೆಲ್ಟ್ ಅಂತೂ ಉಬ್ಬಿ ಹಾಳು. ಹಾಗೇ, ಸಪ್ಪಳ ನಿಲ್ಲಲಿ ಅಂತ ಬೆಲ್ಟ್ ಅನ್ನು ವಿಪರೀತ ಬಿಗಿ ಮಾಡಿಸಬೇಡಿ. ಆ ಎಳೆತಕ್ಕೆ ಡೈನಮೋ ಮತ್ತು ವಾಟರ್ ಪಂಪ್ ಬೇರಿಂಗ್‌ಗಳು ಬೇಗ ಹೋಗುತ್ತವೆ. ಬೆಲ್ಟ್‌ಗಿಂತ ಅವುಗಳ ಖರ್ಚು ಎಷ್ಟೋ ಪಟ್ಟು.

ಇಂಜಿನ್ ಒಳಗಿನ ಭಾಗಗಳನ್ನು ತಾಳ ತಪ್ಪದೆ ತಿರುಗಿಸುವ ಟೈಮಿಂಗ್ ಬೆಲ್ಟ್ ಬೇರೆ. ಅದು ಮುಚ್ಚಳದ ಒಳಗಿರುವ ಹಲ್ಲಿನ ಬೆಲ್ಟ್. ಹಲ್ಲು ಇರುವುದರಿಂದ ಹೀಗೆ ಜಾರಿ ಕಿರುಚುವುದಿಲ್ಲ. ಸಪ್ಪಳಕ್ಕೆ ಕಾಯದೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್‌ಗೆ ಅದನ್ನು ಬದಲಿಸಬೇಕು.

ಬೇರಿಂಗ್: ಒಣಗಿದ ಬಂಡಿ ಕೀಲು

ಬಂಡಿಗೆ ಕೀಲೆಣ್ಣೆ ಇಲ್ಲದಿದ್ದರೆ ಅದು ಊರಿಗೆ ಬರುವ ಮೊದಲೇ ಸಪ್ಪಳ ಬರುತ್ತಿತ್ತು. ಬೇರಿಂಗ್ ಕೂಡ ಒಂದು ಕೀಲೇ. ಎರಡು ಉಕ್ಕಿನ ಬಳೆ, ನಡುವೆ ಉಕ್ಕಿನ ಗುಂಡು, ಗುಂಡುಗಳಿಗೆ ಗ್ರೀಸ್. ಗ್ರೀಸ್ ಒಣಗಿದರೆ ಗುಂಡು ಉರುಳದೆ ಉಜ್ಜುತ್ತದೆ. ಡೈನಮೋ, ವಾಟರ್ ಪಂಪ್, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್, ಎಲ್ಲದರಲ್ಲೂ ಬೇರಿಂಗ್ ಇದೆ.

ಬೆಲ್ಟ್‌ನದೋ ಬೇರಿಂಗ್‌ನದೋ ಅಂತ ಬೇರ್ಪಡಿಸಲು ಮಿಸ್ತ್ರಿಗಳು ಬೆಲ್ಟ್ ಬಿಚ್ಚಿ ಕೆಲವೇ ಸೆಕೆಂಡ್ ಇಂಜಿನ್ ಓಡಿಸುತ್ತಾರೆ. ಸಪ್ಪಳ ನಿಂತರೆ ತಪ್ಪು ಬೆಲ್ಟ್‌ನದು ಅಥವಾ ಬೆಲ್ಟ್‌ನಿಂದ ತಿರುಗುವ ಭಾಗದ್ದು. ಆಮೇಲೆ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಒಳ್ಳೆಯದು ನಯವಾಗಿ ತಿರುಗುತ್ತದೆ, ಹೋದದ್ದು ಮರಳು ತುಂಬಿದ ಹಾಗೆ ಗರಗರ ಅನ್ನುತ್ತದೆ. ಕೆಲವರು ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಓಡುವ ಡೈನಮೋದ ಮೈಗೆ ಆನಿಸಿ ಹಿಡಿಕೆಗೆ ಕಿವಿ ಕೊಡುತ್ತಾರೆ. ಡಾಕ್ಟರ ಸ್ಟೆತಾಸ್ಕೋಪ್ ಕೆಲಸವೇ. ಕೈ ಪಳಗಿದವರಿಗೆ ಬಿಡಿ.

ಇವುಗಳಲ್ಲಿ ನಾನು ಹೆದರುವುದು ವಾಟರ್ ಪಂಪ್‌ಗೆ. ಬೇರಿಂಗ್ ಹೋಗುತ್ತಿದ್ದರೆ ಅದರ ಕೆಳಗೆ ಕೂಲಂಟ್ (ಇಂಜಿನ್ ತಂಪಿಡುವ ನೀರು) ಹನಿಯ ಕಲೆ ಕಾಣುತ್ತದೆ, ಹಸಿರೋ ಗುಲಾಬಿಯೋ. ಪಂಪ್ ಜಾಮ್ ಆದರೆ ಬೆಲ್ಟ್ ಹರಿಯುತ್ತದೆ. ನೀರು ಹರಿಯದ ಇಂಜಿನ್ ಕೆಲವೇ ನಿಮಿಷದಲ್ಲಿ ಕುದಿಯುತ್ತದೆ. ಮೇ ತಿಂಗಳ 42–43 ಡಿಗ್ರಿಯಲ್ಲಿ, ಜೇವರ್ಗಿ ರಸ್ತೆಯಲ್ಲಿ, ಮಟಮಟ ಮಧ್ಯಾಹ್ನ ಹೀಗಾದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ಲಚ್ ಒತ್ತಿದಾಗ ಮಾತ್ರ ಬರುವ ಸಪ್ಪಳವೂ ಉಂಟು. ಅದು ಹೆಚ್ಚಾಗಿ ಕ್ಲಚ್ ಬೇರಿಂಗ್. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಆದ್ದರಿಂದ ಕ್ಲಚ್ ಪ್ಲೇಟ್ ಸವೆದಿದ್ದರೆ ಎರಡನ್ನೂ ಒಟ್ಟಿಗೆ ಮಾಡಿಸುವುದು ಲಾಭ.

ಬ್ರೇಕ್: ಬೇಕಂತಲೇ ಕಿರುಚುವ ತಗಡು

ಮುಂದಿನ ಚಕ್ರದಲ್ಲಿ ತಾಟಿನಂಥ ಒಂದು ಡಿಸ್ಕ್ ಇರುತ್ತದೆ. ಬ್ರೇಕ್ ಒತ್ತಿದಾಗ ಎರಡು ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಹೊಸ ಪ್ಯಾಡ್‌ನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ. ಅದು 2–3 ಮಿಲಿಮೀಟರ್‌ಗೆ ಇಳಿದಾಗ ಪ್ಯಾಡ್‌ಗೆ ಕೂಡಿಸಿದ ಸಣ್ಣ ಉಕ್ಕಿನ ತಗಡು ಡಿಸ್ಕ್‌ಗೆ ತಾಗುತ್ತದೆ. ಕಿರುಚುವುದೇ ಅದರ ಕೆಲಸ. ಪ್ಯಾಡ್ ಮುಗೀತು ಅಂತ ಹೇಳಲೆಂದೇ ಇಟ್ಟ ತಗಡು ಅದು.

ಇದರಲ್ಲಿ ಜನ ಮೋಸ ಹೋಗುವ ಒಂದು ಸಂಗತಿ ಇದೆ. ಬಹಳ ಕಾರುಗಳಲ್ಲಿ ಬ್ರೇಕ್ ಒತ್ತಿದರೆ ಈ ಸಪ್ಪಳ ನಿಂತುಬಿಡುತ್ತದೆ. ಪ್ಯಾಡ್ ಬಿಗಿಯಾಗಿ ಕೂತು ತಗಡಿನ ನಡುಕ ನಿಲ್ಲುತ್ತದೆ, ಅದಕ್ಕೆ. ಬ್ರೇಕ್ ಬಿಟ್ಟರೆ ಮತ್ತೆ ಶುರು. “ಬ್ರೇಕ್ ಹಾಕಿದಾಗ ಸಪ್ಪಳ ಇಲ್ಲ, ಹಾಗಾದರೆ ಬ್ರೇಕ್‌ನದಲ್ಲ” ಅಂತ ನಾನೂ ಅಂದುಕೊಂಡಿದ್ದೆ.

ಎಲ್ಲ ಬ್ರೇಕ್ ಸಪ್ಪಳವೂ ಕೆಡುಕಲ್ಲ. ಗಾಡಿ ತೊಳೆದ ಮರುದಿನ ಅಥವಾ ಮಳೆ ಬಂದ ಮೇಲೆ ಡಿಸ್ಕ್ ಮೇಲೆ ತೆಳ್ಳನೆ ತುಕ್ಕು ಕೂರುತ್ತದೆ. ನಾಲ್ಕೈದು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ. ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿಗಳ ಹಿಂದೆ ದಿನಾ ಓಡಾಡುವವರಿಗೆ ಧೂಳಿನ ಸಪ್ಪಳ ಹೊಸದೇನಲ್ಲ, ಬ್ರೇಕ್ ಬಿಚ್ಚಿ ಸ್ವಚ್ಛ ಮಾಡಿಸಿದರೆ ಸಾಕು. ಹಳೆ ಪ್ಯಾಡ್, ಲೈನರ್‌ಗಳಲ್ಲಿ ಕಲ್ನಾರು, ಅಂದರೆ ಉಸಿರಿಗೆ ಅಪಾಯದ ಆಸ್ಬೆಸ್ಟಾಸ್, ಇರಬಹುದು. ಹಾಗಾಗಿ ಆ ಪುಡಿಯನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಡಿ ಹಾಕಿದ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಒಮ್ಮೆಲೇ ಕರ್ಕಶ ಸಪ್ಪಳ ಶುರುವಾದರೆ, ಡಿಸ್ಕ್ ಮತ್ತು ಅದರ ಹಿಂದಿನ, ಧೂಳು ತಡೆಯುವ ತಗಡಿನ ನಡುವೆ ಹರಳು ಸಿಕ್ಕಿರಬಹುದು. ಕೆಲವೊಮ್ಮೆ ನಾಲ್ಕು ಮಾರು ರಿವರ್ಸ್ ಹೋದರೆ ಉದುರಿಬಿಡುತ್ತದೆ.

ಕೀಂಯ್ ಹೋಗಿ ‘ಗರ್ರ್’ ಅಂತ ಬಂದರೆ ಮಾತ್ರ ತಡ ಮಾಡುವಂತಿಲ್ಲ. ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಬ್ರೇಕ್ ಹಿಡಿಯುವುದಿಲ್ಲ, ಡಿಸ್ಕ್ ಕೂಡ ಹಾಳು.

ಸಪ್ಪಳವನ್ನು ಬರೆದಿಡುವುದು

ಎರಡು ಸಲ ಬರಿಗೈಯಲ್ಲಿ ವಾಪಸ್ ಬಂದ ಮೇಲೆ ಒಂದು ಸಣ್ಣ ನೋಟ್‌ಬುಕ್ ಗಾಡಿಯಲ್ಲಿಟ್ಟೆ. ಸಪ್ಪಳ ಬಂದ ದಿನವೆಲ್ಲ, ಗಾಡಿ ನಿಲ್ಲಿಸಿದ ಮೇಲೆ, ಒಂದು ಸಾಲು. ಎಷ್ಟು ಹೊತ್ತಿಗೆ? ಚಾಲೂ ಮಾಡಿ ಎಷ್ಟು ನಿಮಿಷ? ಎಸಿ ಇತ್ತೇ? ನಿಂತಿತ್ತೇ, ಓಡುತ್ತಿತ್ತೇ? ಕಾಲು ಯಾವ ಪೆಡಲ್ ಮೇಲಿತ್ತು? ಪಕ್ಕ ಕೂತವರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಹತ್ತು ದಿನದಲ್ಲಿ ಹದಿಮೂರು ಸಾಲು ಆದವು. ಓದಿದರೆ ವಿಚಿತ್ರ. ಎಂಟು ಸಾಲು ಬೆಳಗ್ಗೆಯವು: ಗಾಡಿ ನಿಂತಿದೆ, ಈಗಷ್ಟೇ ಚಾಲೂ, ಎಸಿ ಹಾಕಿದೆ. ಉಳಿದ ಐದು ಮಧ್ಯಾಹ್ನದವು: ಜಗತ್ ಸರ್ಕಲ್ ಹತ್ತಿರ ನಿಧಾನಕ್ಕೆ ಓಡುತ್ತಿದೆ, ಬ್ರೇಕ್ ಮೇಲೆ ಕಾಲಿಲ್ಲ. ಒಂದೇ ಸಪ್ಪಳ ಅಂದುಕೊಂಡದ್ದು ಎರಡಾಗಿತ್ತು.

ಪುಸ್ತಕ ತೋರಿಸಿದಾಗ ಮಿಸ್ತ್ರಿ ಈ ಸಲ ನಗಲಿಲ್ಲ. “ಗಾಡಿ ಇಲ್ಲೇ ಬಿಟ್ ಹೋಗ್ರಿ, ಮುಂಜಾನೆ ಥಂಡ್ ಇದ್ದಾಗ ನಾನೇ ಚಾಲೂ ಮಾಡಿ ನೋಡ್ತೀನಿ” ಅಂದರು. ಮರುದಿನ ಎಂಟಕ್ಕೆ ಹೋದೆ. ಹೆಡ್‌ಲೈಟ್, ಎಸಿ, ಬ್ಲೋವರ್ ಎಲ್ಲ ಒಮ್ಮೆಲೇ ಹಾಕಿ ನನ್ನೆದುರೇ ಕೀಂಯ್ ಅನ್ನಿಸಿ ತೋರಿಸಿದರು. ಬಿಚ್ಚಿದ ಬೆಲ್ಟ್‌ನ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಉಗುರು ಊರಿದರೂ ಗುರುತು ಬೀಳಲಿಲ್ಲ, ಅಷ್ಟು ಗಟ್ಟಿ. ಆಮೇಲೆ ಎಡಗಡೆ ಮುಂದಿನ ಚಕ್ರ ಬಿಚ್ಚಿದರು. ಹೊರಗಿನ ಪ್ಯಾಡ್ ಇನ್ನೂ ಅರ್ಧ ಇತ್ತು. ಒಳಗಿನದು, ಹೊರಗಿನಿಂದ ಕಾಣದ್ದು, ಬಿಸ್ಕತ್ತಿಗಿಂತ ತೆಳ್ಳಗಾಗಿತ್ತು.

ಯಾವಾಗ ಕಾಯಬಾರದು?

ಸಪ್ಪಳದ ಜೊತೆ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿದರೆ, ಬಿಸಿಯ ಮುಳ್ಳು ಏರಿದರೆ, ಸ್ಟೇರಿಂಗ್ ಒಮ್ಮೆಲೇ ಗಟ್ಟಿಯಾದರೆ, ಅಥವಾ ರಬ್ಬರ್ ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಬೆಲ್ಟ್ ಹರಿದಿರಬಹುದು. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಹುಮನಾಬಾದ್ ಕಡೆಗೋ ಸೊಲ್ಲಾಪುರದ ಕಡೆಗೋ ದೂರ ಹೊರಡುವ ಮುನ್ನ ಇಂಥ ಸಪ್ಪಳ ಇದ್ದರೆ ಮೊದಲು ತೋರಿಸಿಕೊಂಡು ಹೊರಡಿ. ಇಂಥ ಬೆಲ್ಟ್ ಒಂದು ಹೆಚ್ಚಿನದು ಡಿಕ್ಕಿಯಲ್ಲಿದ್ದರೆ ಹಳ್ಳಿಯ ಮಿಸ್ತ್ರಿಯೂ ಹಾಕಿಕೊಡುತ್ತಾನೆ.

ನನ್ನ ಗಾಡಿ ಈಗ ಸುಮ್ಮನಿದೆ. ನಿನ್ನೆ ಏಳೂವರೆಗೆ ಓಣಿಯಲ್ಲಿ ಮತ್ತೆ ಕೀಂಯ್ ಅಂದಾಗ ಗಾಬರಿಯಾಗಿ ಬಾಗಿಲಿಗೆ ಬಂದೆ. ಎದುರುಮನೆ ಕಾಕಾ ಎಸಿ ಹಾಕಿದ್ದರು. “ಬೆಲ್ಟ್ ಹೋದವಾರಾನೇ ಹೊಸಾದ್ ಹಾಕ್ಸೀನವ್ವ” ಅಂದರು. “ಬ್ಯಾಟರಿ ಎಷ್ಟು ವರ್ಷದ್ದರೀ ಕಾಕಾ?” ಅಂತ ಕೇಳಿದೆ. ಅವರು ಬಾನೆಟ್ ಎತ್ತಿ, ಬ್ಯಾಟರಿ ಮೇಲಿನ ಧೂಳು ಟವೆಲ್‌ನಿಂದ ಒರೆಸಿ, ಕನ್ನಡಕ ಹುಡುಕತೊಡಗಿದರು.